ವಂತಿಗೆ ಕೊಡದವನ ಹಕ್ಕು

ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯವನ್ನು ಪ್ರಜಾಪ್ರಭುತ್ವವನ್ನೊಪ್ಪಿದ ದೇಶಗಳೆಲ್ಲ ನಾಗರಿಕನ ಹಕ್ಕೆಂದು ಮನ್ನಿಸಿವೆ. ನಮ್ಮ ಸಂವಿಧಾನದ 19ನೆಯ ವಿಧಿಯಲ್ಲೂ ಅದಕ್ಕೆ ಸ್ಥಾನವುಂಟು. ಆದರೆ ಈ ಸ್ವಾತಂತ್ರ್ಯದೊಳಗೆ ಸಂಘದಿಂದ ದೂರ ಉಳಿಯುವ ಸ್ವಾತಂತ್ರ್ಯವೂ ಸೇರಿದೆಯೆ? ಸೇರಿದ್ದರೆ, ಹಾಗೆ ದೂರ ಉಳಿದವನು ಸಂಘವು ಹೋರಾಡಿ ತಂದ ಸಂಬಳದ ಏರಿಕೆಯನ್ನು ಪಡೆಯಬಹುದೆ? ಪಡೆದರೆ ಅದರ ಖರ್ಚಿನಲ್ಲಿ ತನ್ನ ಪಾಲನ್ನು ಕೊಡಬೇಡವೆ? ಕೊಡಲೇಬೇಕೆಂದು ಕಟ್ಟು ಮಾಡಿದರೆ ಅವನ ಸ್ವಾತಂತ್ರ್ಯ ಉಳಿಯಿತೆಂದು ಹೇಳಲಾದೀತೆ? ಕಳೆದ ನೂರು ವರ್ಷಗಳಲ್ಲಿ ಇಂಗ್ಲೆಂಡು, ಅಮೆರಿಕ, ಕೆನಡಾಗಳು ಈ ಪ್ರಶ್ನೆಗಳಿಗೆ ಕೊಟ್ಟುಕೊಂಡ ಉತ್ತರಗಳು ಒಂದರಂತೆ ಒಂದಿಲ್ಲ.

ಪ್ರಶ್ನೆಯ ಬೇರು ನಮಗೆ ಅಪರಿಚಿತವೇನಲ್ಲ. ನಮ್ಮ ಹಳ್ಳಿಗಳಲ್ಲಿ ವಂತಿಗೆ ಎಂಬ ಪದ್ಧತಿಯುಂಟು. ಕೆರೆಯ ಏರಿ ಬಿರಿದಾಗ ಮನೆಗೊಂದು ಆಳು ಬರಬೇಕು. ಇಲ್ಲವೆ ಆಳಿನ ಲೆಕ್ಕಕ್ಕೆ ಹಣ ತೆರಬೇಕು. ಮಣ್ಣು ಹೊರದವನ ಗದ್ದೆಗೂ ತೂಬಿನ ನೀರು ಹರಿದೇ ಹರಿಯುತ್ತದೆ; ಯಾರು ಹೊತ್ತರು, ಯಾರು ಹೊರಲಿಲ್ಲ ಎಂಬ ವಿಚಾರಣೆ ನೀರಿಗೆ ತಿಳಿಯದು. ಆದ್ದರಿಂದ ಊರು ಅವನನ್ನು ಒತ್ತಾಯಿಸಿದರೆ ಅನ್ಯಾಯವೆಂದು ಯಾರೂ ಹೇಳರು. ಆದರೆ ಅದೇ ಊರಿನಲ್ಲಿ ತೇರಿನ ವಂತಿಗೆ ಎಂಬುದೊಂದೂ ಉಂಟು. ಆ ದೇವರಲ್ಲಿ ನಂಬಿಕೆಯಿಲ್ಲದವನೂ ಅದನ್ನು ಕೊಡಬೇಕೆ? ಯಾವ ಗುಡಿಯ ಹೊಸ್ತಿಲು ದಾಟಲು ತಮಗೆ ಅಪ್ಪಣೆಯಿರಲಿಲ್ಲವೋ ಆ ಗುಡಿಯ ತೇರಿಗೂ ವಂತಿಗೆ ತೆತ್ತ ಜನ ನಮ್ಮಲ್ಲಿ ಇದ್ದರಲ್ಲವೆ? ಕೆರೆಯ ವಂತಿಗೆ, ತೇರಿನ ವಂತಿಗೆ, ಈ ಎರಡು ಮಾತುಗಳನ್ನು ಕೇಳುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರ ಸುಲಭವಾದೀತು. ಕಾರ್ಮಿಕ ಸಂಘದ ಖಜಾನೆಯಲ್ಲಿ ಇವೆರಡೂ ಒಂದೇ ಥೈಲಿಗೆ ಬೀಳುತ್ತವೆಂಬುದೇ ತೊಡಕಿಗೆಲ್ಲ ಕಾರಣ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮಾರ್ಕ್ ಜೇನಸ್ ಎಂಬೊಬ್ಬ ಸರ್ಕಾರಿ ನೌಕರರಿದ್ದರು. ತಂದೆತಾಯಿಯರು ಬೇರ್ಪಟ್ಟ ಸಂಸಾರಗಳಲ್ಲಿ ಮಕ್ಕಳ ಜೀವನಾಂಶ ಸರಿಯಾಗಿ ಸಂದಾಯವಾಗುವಂತೆ ನೋಡಿಕೊಳ್ಳುವುದು ಅವರ ಕೆಲಸ. ರಾಜ್ಯದ ನೌಕರರ ಪರವಾಗಿ ಸರ್ಕಾರದೊಡನೆ ಮಾತನಾಡುತ್ತಿದ್ದ ದೊಡ್ಡ ಒಕ್ಕೂಟಕ್ಕೆ ಅವರು ಸದಸ್ಯರಾಗಿರಲಿಲ್ಲ. ಆದಾಗ್ಯೂ ತಿಂಗಳಿಗೆ 44 ಡಾಲರು 58 ಸೆಂಟು ಅವರ ಸಂಬಳದಿಂದ ಮುರಿದುಕೊಂಡು ಆ ಸಂಘಕ್ಕೆ ಸೇರುತ್ತಿತ್ತು. ಸದಸ್ಯರು ಕೊಡುವ ಚಂದಾದಲ್ಲಿ ಇದು ನೂರಕ್ಕೆ 78ರಷ್ಟು. ಉಳಿದ ಪಾಲು ರಾಜಕೀಯದ ವೆಚ್ಚವೆಂದೂ, ಅದನ್ನು ಹೊರಗಿನವರಿಂದ ಕೇಳುವುದಿಲ್ಲವೆಂದೂ ಸಂಘದ ಲೆಕ್ಕ. ಸರ್ಕಾರದ ಬೊಕ್ಕಸ ಬರಿದಾಗಿರುವಾಗ ಈ ಸಂಘ ಮಾಡುವ ಬೇಡಿಕೆಗಳೇ ತಮಗೆ ಒಪ್ಪಿಗೆಯಿಲ್ಲವಾಗಿ, ತಾವೇಕೆ ಅದಕ್ಕೆ ಹಣ ತೆರಬೇಕೆಂಬುದು ಜೇನಸರ ತಕರಾರು. ಸದಸ್ಯನಲ್ಲದವನಿಂದ ಸಂಘ ಹಣ ಪಡೆಯುವ ಈ ವಿಚಿತ್ರ ಏರ್ಪಾಡು ಹೇಗೆ ಹುಟ್ಟಿತೆಂಬುದನ್ನು ತಿಳಿಯಬೇಕಾದರೆ ನಾವು ಎಂಬತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

1935ರಲ್ಲಿ ಅಮೆರಿಕದ ಕಾಂಗ್ರೆಸ್ಸು ವ್ಯಾಗ್ನರ್ ಕಾಯಿದೆಯೆಂದು ಹೆಸರಾದ ಕಾರ್ಮಿಕ ಕಾಯಿದೆಯನ್ನು ಅಂಗೀಕರಿಸಿತು. ಒಂದು ಕಾರ್ಖಾನೆಯ ಕೆಲಸಗಾರರಲ್ಲಿ ಹೆಚ್ಚಿನವರು ಯಾವ ಸಂಘವನ್ನು ಆರಿಸುತ್ತಾರೋ ಅದೊಂದೇ ಸಂಘ ಅಲ್ಲಿನ ಎಲ್ಲರ ಪರವಾಗಿ, ಸೇರಿದವರು ಸೇರದವರು ಎಂಬ ಭೇದವಿಲ್ಲದೆ, ಮಾಲಿಕನೊಡನೆ ಒಪ್ಪಂದ ಮಾಡಿಕೊಳ್ಳತಕ್ಕದ್ದು ಎಂಬುದು ಅದರ ಜೀವಾಳ. ರೈಲ್ವೆ ನೌಕರರಿಗೆ ಬೇರೆಯದೊಂದು ಕಾಯಿದೆಯಿತ್ತು. ತತ್ತ್ವ ಮಾತ್ರ ಇದೇ. ಒಂದೇ ಯಂತ್ರದ ಮುಂದೆ ನಿಂತ ಇಬ್ಬರಿಗೆ ಎರಡು ಕೂಲಿ ಆಗಬಾರದು, ಮಾಲಿಕ ಒಂದು ಸಂಘವನ್ನು ಇನ್ನೊಂದರ ಮೇಲೆ ಛೂ ಬಿಡಬಾರದು ಎಂಬ ಸದುದ್ದೇಶ ಇದರ ಹಿಂದಿತ್ತು. ಆದರೆ ಎಲ್ಲರ ಪರವಾಗಿ ಮಾತನಾಡುವ ಅಧಿಕಾರವೆಂದರೆ ಕೆಲವರನ್ನು ಮಾರಿಬಿಡುವ ಅಧಿಕಾರವೂ ಆದೀತು. ಹಾಗೆ ಆಯಿತು ಕೂಡ.

ಅಲಬಾಮಾ ರಾಜ್ಯದ ಕಡೆಯ ರೈಲು ಮಾರ್ಗವೊಂದರಲ್ಲಿ ಬೆಸ್ಟರ್ ಸ್ಟೀಲ್ ಎಂಬ ನೀಗ್ರೋ ಕೆಲಸಗಾರ ಉಗಿಬಂಡಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದ. ಫೈರ್‌ಮನ್ನರ ಸಂಘ ಕರಿಯರನ್ನು ಸದಸ್ಯರನ್ನಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಬಹುಮತದ ಬಲದಿಂದ ಕಾಯಿದೆಯ ಕಣ್ಣಿಗೆ ಅವರ ಪ್ರತಿನಿಧಿಯೂ ಅದೇ. ಈ ಪ್ರತಿನಿಧಿ 1940-41ರಲ್ಲಿ ರೈಲ್ವೆ ಕಂಪನಿಗಳೊಡನೆ ಕುಳಿತು ಮಾಡಿಕೊಂಡ ಒಪ್ಪಂದದ ಸಾರ ಇಷ್ಟು: ಕರಿಯ ಫೈರ್‌ಮನ್ನರ ಸಂಖ್ಯೆಗೆ ಮಿತಿ ಹಾಕಬೇಕು, ಕ್ರಮೇಣ ಅವರನ್ನು ಆ ಕೆಲಸದಿಂದ ತೆಗೆಯಬೇಕು. ಒಳ್ಳೆಯ ಬಂಡಿಯಲ್ಲಿದ್ದ ಸ್ಟೀಲನನ್ನು ಹೆಚ್ಚು ದುಡಿಮೆಯ, ಕಡಿಮೆ ಕೂಲಿಯ ಕೆಲಸಕ್ಕೆ ತಳ್ಳಿದರು. ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಎಂಬ ದೊಡ್ಡ ವಕೀಲರು ಅವನ ಪರವಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋರಾಡಿದರು. 1944ರ ಡಿಸೆಂಬರಿನಲ್ಲಿ ತೀರ್ಪು ಬಂದಿತು. ಎಲ್ಲರ ಪ್ರತಿನಿಧಿಯೆಂದು ಕಾಯಿದೆಯಿಂದ ಅಧಿಕಾರ ಪಡೆದ ಸಂಘ ತನ್ನ ಸದಸ್ಯರಲ್ಲದವರನ್ನೂ ದ್ವೇಷವಿಲ್ಲದೆ, ಪಕ್ಷಪಾತವಿಲ್ಲದೆ ನ್ಯಾಯವಾಗಿ ಪ್ರತಿನಿಧಿಸಲೇಬೇಕು ಎಂದು ನ್ಯಾಯಾಧೀಶರು ವಿಧಿಸಿದರು. ಕಾರ್ಮಿಕ ಕಾಯಿದೆಯ ಇತಿಹಾಸದಲ್ಲಿ ಇದಕ್ಕಿಂತ ಮಾನವೀಯವಾದ ತೀರ್ಪುಗಳು ಹೆಚ್ಚಿಲ್ಲವೆಂದು ನನ್ನ ಎಣಿಕೆ. ತೇರಿಗೆ ವಂತಿಗೆ ತೆತ್ತೂ ಹೊಸ್ತಿಲ ಹೊರಗೆ ನಿಂತವನ ಪರವಾಗಿ ಬಂದ ತೀರ್ಪು ಅದು.

ಆದರೆ ಧರ್ಮವೊಂದು ನೆಲೆಗೊಂಡ ಕೂಡಲೇ ಅದರ ಲೆಕ್ಕದ ಚೀಟಿಯೂ ಹಿಂದೆಯೇ ಬರುತ್ತದೆ. ಸದಸ್ಯನಲ್ಲದವನ ಸಂಬಳಕ್ಕಾಗಿ ಮಾತನಾಡಬೇಕು, ಅವನನ್ನು ಕೆಲಸದಿಂದ ತೆಗೆದರೆ ಅವನ ಅಹವಾಲನ್ನೂ ಹೊತ್ತು ವಾದಿಸಬೇಕು. ಆದರೆ ಅವನಿಂದ ಕಾಸು ಕೇಳಬಾರದು ಎಂದರೆ ಸಂಘ ನಡೆಯುವುದು ಹೇಗೆ? ಮ್ಯಾನ್ಕರ್ ಓಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಸಿದ್ಧಾಂತವಾಗಿ ನಿರೂಪಿಸಿದರು. ಎಲ್ಲರಿಗೂ ಸಮನಾಗಿ ದೊರೆಯುವ ಪ್ರಯೋಜನಕ್ಕೆ ತಾನೊಬ್ಬ ಕೊಡದಿದ್ದರೂ ನಡೆಯುತ್ತದೆಂದು ಪ್ರತಿಯೊಬ್ಬನೂ ಎಣಿಸಿದರೆ, ಆ ಪ್ರಯೋಜನವನ್ನು ಬಯಸುವವರೇ ತುಂಬಿರುವ ಗುಂಪಿನಲ್ಲೂ ಅದು ಕೈಗೂಡದೆ ಹೋಗುತ್ತದೆ. ಟಿಕೆಟ್ಟಿಲ್ಲದ ಪ್ರಯಾಣಿಕನೊಬ್ಬನಾದರೆ ಬಸ್ಸು ಓಡುತ್ತದೆ. ಬಸ್ಸಿನ ತುಂಬ ಅವರೇ ಆದರೆ ಎಣ್ಣೆಗೆ ದುಡ್ಡೆಲ್ಲಿ? ಗಮನಿಸಬೇಕಾದ ಸಂಗತಿಯೆಂದರೆ, ಓಲ್ಸನ್ ಹೇಳುವ ಈ ಮನುಷ್ಯ ದುಷ್ಟನಲ್ಲ, ಸಂಘದ ವೈರಿಯೂ ಅಲ್ಲ. ಲೆಕ್ಕ ಬಲ್ಲ ಸಾಮಾನ್ಯ ಸಂಸಾರಿ.

ಈ ತೊಡಕನ್ನು ಬಿಡಿಸಿಕೊಳ್ಳಲು ಸಂಘಗಳು ಮಾಲಿಕರೊಡನೆ ಮಾಡಿಕೊಂಡ ಕರಾರುಗಳು ಮೂರು ಬಗೆ. ಸಂಘದ ಸದಸ್ಯನಾಗಿದ್ದವನನ್ನು ಮಾತ್ರ ಕೆಲಸಕ್ಕೆ ತೆಗೆದುಕೊಳ್ಳತಕ್ಕದ್ದು ಎಂಬುದು ಕ್ಲೋಸ್ಡ್ ಷಾಪ್. ಯಾರನ್ನಾದರೂ ತೆಗೆದುಕೊಳ್ಳಿ, ಆದರೆ ಇಷ್ಟು ದಿನಗಳೊಳಗೆ ಅವನು ಸಂಘ ಸೇರಬೇಕು ಎಂಬುದು ಯೂನಿಯನ್ ಷಾಪ್. ಸೇರುವುದು ಬೇಡ, ಪ್ರಾತಿನಿಧ್ಯದ ವೆಚ್ಚದಷ್ಟು ಹಣ ಕೊಟ್ಟರೆ ಸಾಕು ಎಂಬುದು ಏಜೆನ್ಸಿ ಷಾಪ್. ಮೊದಲನೆಯದು ಕಾರ್ಮಿಕರ ಹಿತೈಷಿಗಳಲ್ಲೇ ಹಲವರಿಗೆ ರುಚಿಸಿರಲಿಲ್ಲ. ಮುಂದೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದ ಲೂಯಿ ಬ್ರಾಂಡೈಸ್ 1910ರಲ್ಲಿ ನ್ಯೂಯಾರ್ಕಿನ ಉಡುಪು ಕೆಲಸಗಾರರ ಮುಷ್ಕರವನ್ನು ಬಗೆಹರಿಸುವಾಗ, ಕ್ಲೋಸ್ಡ್ ಷಾಪ್ ಬೇಡವೆಂದು, ಸಮಾನ ಅರ್ಹತೆಯಿದ್ದಲ್ಲಿ ಸಂಘದವನಿಗೆ ಆದ್ಯತೆ ಕೊಟ್ಟರೆ ಸಾಕೆಂದು ಸಲಹೆ ಮಾಡಿದ್ದರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. 1947ರ ಟ್ಯಾಫ್ಟ್-ಹಾರ್ಟ್ಲಿ ಕಾಯಿದೆ, ಅಧ್ಯಕ್ಷ ಟ್ರೂಮನ್ನರ ನಿಷೇಧಾಧಿಕಾರವನ್ನೂ ಮೀರಿ ಅಂಗೀಕೃತವಾಗಿ, ಕ್ಲೋಸ್ಡ್ ಷಾಪನ್ನು ಇಡೀ ದೇಶದಲ್ಲಿ ನಿಷೇಧಿಸಿತು. ಉಳಿದ ಎರಡನ್ನು ಬೇಕಾದರೆ ತಮ್ಮಲ್ಲಿ ನಿಷೇಧಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಹಾಗೆ ನಿಷೇಧಿಸುವ ರಾಜ್ಯಗಳ ಕಾಯಿದೆಗಳಿಗೆ ‘ದುಡಿಯುವ ಹಕ್ಕು’ ಎಂಬ ಹೆಸರು. ಹೆಸರಿಡುವುದರಲ್ಲೇ ಅರ್ಧ ಯುದ್ಧ ಗೆದ್ದಂತಾಯಿತು. ಈ ಕಾಯಿದೆ ಯಾರಿಗೂ ದುಡಿಮೆಯನ್ನು ದೊರಕಿಸಿಕೊಡುವುದಿಲ್ಲ. ಟೆಕ್ಸಾಸಿನಲ್ಲಿ ಇದರ ಮೊದಲ ಪ್ರಚಾರಕರಲ್ಲಿ ಕೆಲವರು, ಸಂಘ ಸೇರಿದರೆ ಬಿಳಿಯನು ಕರಿಯನನ್ನು ಅಣ್ಣನೆಂದು ಕರೆಯಬೇಕಾದೀತೆಂದು ಹೆದರಿಸಿ ಓಟು ಕೇಳಿದವರು. 1961ರಲ್ಲಿ ಮಾರ್ಟಿನ್ ಲೂಥರ್ ಕಿಂಗರು ಇದನ್ನು ಸುಳ್ಳು ಘೋಷಣೆಯೆಂದು ಕರೆದು ಎಚ್ಚರಿಸಿದ್ದು ಈ ಹಿನ್ನೆಲೆಯಲ್ಲಿ. ಸ್ಟೀಲನನ್ನು ಹೊರಗಿಟ್ಟ ಸಂಘವನ್ನೂ ಈ ಪ್ರಚಾರಕರನ್ನೂ ಒಟ್ಟಿಗೆ ನೋಡಿದಾಗ, ಕಳಂಕ ಒಂದೇ ಕಡೆಗಿಲ್ಲವೆಂಬುದು ಕಾಣುತ್ತದೆ. 2012ರಲ್ಲಿ ಮಿಷಿಗನ್ ಈ ಕಾಯಿದೆಯನ್ನು ಮಾಡಿ, 2023ರಲ್ಲಿ ರದ್ದು ಮಾಡಿತು. ಅದನ್ನು ಕಳೆದರೂ 26 ರಾಜ್ಯಗಳು ಅದರಡಿ ಉಳಿದವು.

ಉತ್ತರದ ಕೆನಡಾದಲ್ಲಿ ಇದೇ ಸಮಯಕ್ಕೆ ನಡೆದುದು ಬೇರೆ ಕಥೆ. ವಿಂಡ್ಸರ್ ಪಟ್ಟಣದ ಫೋರ್ಡ್ ಮೋಟಾರು ಕಾರ್ಖಾನೆಯ ಕೆಲಸಗಾರರು 1945ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದರು. ಬೇಡಿಕೆಗಳಲ್ಲಿ ಮುಖ್ಯವಾದುದು ಸಂಘದ ಭದ್ರತೆ. ಕಾರ್ಖಾನೆಯ ಸುತ್ತಣ ಬೀದಿಗಳಲ್ಲಿ ಮೋಟಾರು ಗಾಡಿಗಳನ್ನೇ ಸಾಲುಸಾಲಾಗಿ ಅಡ್ಡ ನಿಲ್ಲಿಸಿ ಪೋಲೀಸರು ಒಳಹೋಗದಂತೆ ಮಾಡಿದರು. ತಾವು ಮಾಡಿದ ಗಾಡಿಗಳೇ ತಮಗೆ ಕೋಟೆಗೋಡೆಯಾದದ್ದು ಚಮತ್ಕಾರವೇ ಸರಿ. 99 ದಿನಗಳಾದ ಮೇಲೆ ಎರಡು ಕಡೆಯವರೂ ಪಂಚಾಯಿತಿಗೆ ಒಪ್ಪಿದರು. ಪಂಚರಾಗಿ ಬಂದವರು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ ಐವಾನ್ ರ‍್ಯಾಂಡ್.

1946ರ ಜನವರಿಯಲ್ಲಿ ರ‍್ಯಾಂಡ್ ಕೊಟ್ಟ ತೀರ್ಮಾನ ನಮ್ಮ ಹಳ್ಳಿಯ ಹಿರಿಯನೊಬ್ಬ ಜಗಲಿಯ ಮೇಲೆ ಕುಳಿತು ಹೇಳಬಹುದಾದಂಥದು. ಸಂಘ ಸೇರೆಂದು ಯಾರನ್ನೂ ಬಲವಂತ ಮಾಡಬೇಡಿ. ಒಲ್ಲದವನನ್ನು ಕೆಲಸದಿಂದ ತೆಗೆಯಲೂ ಬೇಡಿ. ಆದರೆ ಒಪ್ಪಂದದ ಫಲ ಎಲ್ಲರಿಗೂ ಸಲ್ಲುವುದರಿಂದ ಅದರ ಖರ್ಚನ್ನು ಎಲ್ಲರೂ ಹೊರಲಿ; ಸದಸ್ಯನಿರಲಿ, ಅಲ್ಲದವನಿರಲಿ, ಚಂದಾವನ್ನು ಮಾಲಿಕನೇ ಸಂಬಳದಲ್ಲಿ ಮುರಿದು ಸಂಘಕ್ಕೆ ಸಲ್ಲಿಸಲಿ. ಇಷ್ಟಕ್ಕೇ ಅವರು ನಿಲ್ಲಲಿಲ್ಲ. ಹಣ ಪಡೆದ ಸಂಘ ಅದಕ್ಕೆ ತಕ್ಕಂತೆ ನಡೆದುಕೊಳ್ಳಬೇಕು. ಮುಷ್ಕರದ ನಿರ್ಧಾರ ಗುಪ್ತಮತದಿಂದ ಆಗಬೇಕು, ಆ ಮತದಾನದಲ್ಲಿ ಸದಸ್ಯರಲ್ಲದವರಿಗೂ ಅವಕಾಶವಿರಬೇಕು, ಒಪ್ಪಂದ ಮೀರಿ ಹಠಾತ್ತನೆ ಕೆಲಸ ನಿಲ್ಲಿಸಿದರೆ ದಂಡ ತೆರಬೇಕು. ಹಣದ ಜತೆಗೆ ಹೊಣೆಯನ್ನೂ ಕಟ್ಟಿದ ಈ ಜಾಣ್ಮೆ ‘ರ‍್ಯಾಂಡ್ ಸೂತ್ರ’ ಎಂಬ ಹೆಸರಿನಿಂದ ಕೆನಡಾದಲ್ಲಿ ಬೇರೂರಿತು. ಮೆರ್ವ್ ಲವೀನ್ ಎಂಬ ಅಧ್ಯಾಪಕರೊಬ್ಬರು, ತಮ್ಮಿಂದ ಮುರಿದ ಹಣ ತಮಗೊಪ್ಪದ ರಾಜಕೀಯ ಕಾರ್ಯಗಳಿಗೆ ಹೋಗುತ್ತಿದೆಯೆಂದು ಮೊಕದ್ದಮೆ ಹೂಡಿದಾಗಲೂ, 1991ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಏರ್ಪಾಡನ್ನೇ ಎತ್ತಿಹಿಡಿಯಿತು. ಅಂದರೆ ಕೆರೆಯ ವಂತಿಗೆ ತೇರಿಗೂ ಸ್ವಲ್ಪ ಹರಿದರೆ ಕೆನಡಾದವರು ಸಹಿಸಿಕೊಂಡರು.

ಇಂಗ್ಲೆಂಡಿನವರು ತೇರಿನ ವಂತಿಗೆಯ ವಿಚಾರಕ್ಕೆ ಬಹಳ ಮುಂಚೆಯೇ ಜಗಳವಾಡಿ ಮುಗಿಸಿದ್ದರು. ಮುಗಿಸಿದ್ದರು ಎನ್ನುವುದು ಅತಿಯಾಯಿತೇನೋ! ವಾಲ್ಟರ್ ಆಸ್ಬರ್ನ್ ಎಂಬವನು ಲಂಡನ್ನಿನ ಸ್ಟೇಷನ್ನೊಂದರಲ್ಲಿ ಪೋರ್ಟರು. ರೈಲ್ವೆ ನೌಕರರ ಸಂಘದ ಶಾಖೆಯೊಂದರ ಕಾರ್ಯದರ್ಶಿಯೂ ಹೌದು. ರಾಜಕೀಯದಲ್ಲಿ ಮಾತ್ರ ಲಿಬರಲ್ ಪಕ್ಷದವನು. ಆ ಕಾಲದಲ್ಲಿ ಪಾರ್ಲಿಮೆಂಟಿನ ಸದಸ್ಯರಿಗೆ ಸಂಬಳವಿರಲಿಲ್ಲವಾಗಿ ಬಡವನ ಮಗ ಅಲ್ಲಿ ಕೂರಬೇಕಾದರೆ ಸಂಘಗಳೇ ಸಾಕಬೇಕಾಗಿತ್ತು. ಅದಕ್ಕಾಗಿ ತನ್ನಿಂದ ಲೇಬರ್ ಪಕ್ಷಕ್ಕೆ ವಂತಿಗೆ ಎತ್ತುವುದು ನ್ಯಾಯವಲ್ಲವೆಂದು ಆಸ್ಬರ್ನ್ ದಾವೆ ಹೂಡಿದ. 1909ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನ ಪರವಾಗಿ ತೀರ್ಪಿತ್ತಿತು. ಸಂಘ ಅವನನ್ನು ಹೊರಹಾಕಿತು. ಆದರೆ ಒಬ್ಬ ಪೋರ್ಟರಿನ ಹಠದಿಂದ ಒಂದು ಪಕ್ಷದ ಹಣದ ಮೂಲವೇ ಬತ್ತಿಹೋಗುವಂತಾಯಿತು. ಪರಿಹಾರವಾಗಿ 1911ರಲ್ಲಿ ಪಾರ್ಲಿಮೆಂಟಿನ ಸದಸ್ಯರಿಗೆ ವರ್ಷಕ್ಕೆ 400 ಪೌಂಡು ಸಂಬಳ ಬಂತು. 1913ರಲ್ಲಿ ಹೊಸ ಕಾಯಿದೆ ಬಂತು: ರಾಜಕೀಯಕ್ಕೆ ಬೇರೆ ನಿಧಿ ಇಡಬೇಕು, ಅದಕ್ಕೆ ಸದಸ್ಯರ ಮತದಾನದ ಒಪ್ಪಿಗೆ ಬೇಕು, ಬೇಡವೆಂದು ಬರೆದುಕೊಟ್ಟವನಿಂದ ಆ ಪಾಲನ್ನು ಕೇಳಬಾರದು.

‘ಬೇಡ’ವೆಂದು ಬರೆದುಕೊಡುವುದೋ, ‘ಬೇಕು’ ಎಂದು ಬರೆದುಕೊಡುವುದೋ? ಕೇಳಲು ಕ್ಷುಲ್ಲಕವೆನಿಸುತ್ತದೆ. 1926ರ ಸಾರ್ವತ್ರಿಕ ಮುಷ್ಕರ ಸೋತ ಮೇಲೆ 1927ರಲ್ಲಿ ಕನ್ಸರ್ವೇಟಿವ್ ಸರ್ಕಾರ ಅದನ್ನು ‘ಬೇಕು’ ಎಂದು ಬರೆದುಕೊಟ್ಟವನಿಂದ ಮಾತ್ರ ಎಂದು ತಿದ್ದಿತು. 1946ರಲ್ಲಿ ಲೇಬರ್ ಸರ್ಕಾರ ಮತ್ತೆ ‘ಬೇಡ’ಕ್ಕೆ ತಿರುಗಿಸಿತು. 2016ರಲ್ಲಿ ಹೊಸ ಸದಸ್ಯರ ಮಟ್ಟಿಗೆ ಪುನಃ ‘ಬೇಕು’. ಇಷ್ಟು ಹೋರಾಟವೇಕೆಂದರೆ, ಬಹುಪಾಲು ಮನುಷ್ಯರು ಎರಡನ್ನೂ ಬರೆದುಕೊಡುವುದಿಲ್ಲ. ಜನರ ಆಲಸ್ಯ ಯಾರ ಪಾಲಿಗೆ ಸಲ್ಲಬೇಕೆಂಬುದೇ ಆ ದೊಡ್ಡ ದೊಡ್ಡ ಭಾಷಣಗಳ ಒಳಗಿನ ತಿರುಳು.

ಸಂಘ ಸೇರುವ ಬಲವಂತದ ಪ್ರಶ್ನೆ ಇಂಗ್ಲೆಂಡಿನಲ್ಲಿ ತುದಿ ಮುಟ್ಟಿದ್ದು 1975ರಲ್ಲಿ. ಬ್ರಿಟಿಷ್ ರೈಲು ಮಂಡಳಿ ಮೂರು ಸಂಘಗಳೊಡನೆ ಕ್ಲೋಸ್ಡ್ ಷಾಪ್ ಒಪ್ಪಂದ ಮಾಡಿಕೊಂಡಿತು. ಹೊಸಬರಿಗೆ ಮಾತ್ರವಲ್ಲ, ಮೊದಲಿನಿಂದ ಇದ್ದವರಿಗೂ ಅದು ಅನ್ವಯ. ಎರಡೂವರೆ ಲಕ್ಷ ನೌಕರರಲ್ಲಿ ಕೊನೆಯವರೆಗೂ ಒಪ್ಪದೆ ಕೆಲಸ ಕಳೆದುಕೊಂಡವರು 54 ಮಂದಿ. ಅವರಲ್ಲಿ ಯಂಗ್, ಜೇಮ್ಸ್, ವೆಬ್‌ಸ್ಟರ್ ಎಂಬ ಮೂವರು ಸ್ಟ್ರಾಸ್‌ಬರ್ಗಿನ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ವೆಬ್‌ಸ್ಟರ್ 1958ರಿಂದ ರೈಲ್ವೆಯಲ್ಲಿದ್ದವರು. ಹದಿನೆಂಟು ವರ್ಷದ ಸೇವೆ ಒಂದು ಸದಸ್ಯತ್ವದ ಚೀಟಿಯ ಮುಂದೆ ನಿಲ್ಲದೆ ಹೋಯಿತು. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆ, ಯಾರನ್ನೂ ಸಂಘವೊಂದಕ್ಕೆ ಸೇರುವಂತೆ ಬಲವಂತ ಮಾಡಲಾಗದೆಂದು ತನ್ನ 20ನೆಯ ವಿಧಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಯೂರೋಪಿನ ಒಡಂಬಡಿಕೆಯನ್ನು ಬರೆದವರಾದರೋ, ಕ್ಲೋಸ್ಡ್ ಷಾಪ್ ಇರುವ ದೇಶಗಳಿಗೆ ತೊಂದರೆಯಾದೀತೆಂದು ಆ ಮಾತನ್ನು ಬೇಕೆಂದೇ ಬಿಟ್ಟಿದ್ದರು. ಆದಾಗ್ಯೂ 1981ರ ಆಗಸ್ಟಿನಲ್ಲಿ ನ್ಯಾಯಾಲಯ, 18 ಮತಗಳಿಂದ 3ಕ್ಕೆ, ಈ ಮೂವರ ಹಕ್ಕಿಗೆ ಭಂಗ ಬಂದಿದೆಯೆಂದು ತೀರ್ಮಾನಿಸಿತು. ಸೇರು, ಇಲ್ಲವೆ ಅನ್ನ ಬಿಡು ಎಂಬಷ್ಟಕ್ಕೆ ಬಲವಂತ ಮುಟ್ಟಿದಾಗ ಸಂಘ ಸ್ವಾತಂತ್ರ್ಯದ ತಿರುಳೇ ಪೆಟ್ಟು ತಿನ್ನುತ್ತದೆ ಎಂಬುದು ಅದರ ಅಭಿಪ್ರಾಯ. ಎರಡೂವರೆ ಲಕ್ಷದಲ್ಲಿ 54 ಮಂದಿ ಹೊರಗುಳಿದರೆ ಯಾವ ಸಂಘವೂ ಮುಳುಗುವುದಿಲ್ಲವೆಂಬ ಸಾಮಾನ್ಯ ಬುದ್ಧಿ ಆ ತೀರ್ಪಿನಲ್ಲಿದೆ. 1980ರ ದಶಕದ ಕಾಯಿದೆಗಳು ಕ್ಲೋಸ್ಡ್ ಷಾಪನ್ನು ಒಂದೊಂದಾಗಿ ಕಳಚಿ, 1990ರ ಕಾಯಿದೆ ಅದನ್ನು ಮುಗಿಸಿತು.

ಈಗ ಅಮೆರಿಕಕ್ಕೆ ಹಿಂತಿರುಗೋಣ. ಕಾರ್ಖಾನೆಯ ಮಾಲಿಕ ಖಾಸಗಿಯವನು. ಮಾಲಿಕ ಸರ್ಕಾರವೇ ಆದರೆ? ಡೆಟ್ರಾಯ್ಟಿನ ಶಾಲಾ ಶಿಕ್ಷಕ ಅಬೂಡ್ ಮತ್ತು ಸಂಗಡಿಗರು ತಂದ ಮೊಕದ್ದಮೆಯಲ್ಲಿ 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೆರೆಯನ್ನೂ ತೇರನ್ನೂ ಬೇರ್ಪಡಿಸಿತು. ಸಂಬಳ, ರಜೆ, ಅಹವಾಲುಗಳ ಬಗ್ಗೆ ಮಾತುಕತೆ ನಡೆಸುವ ಖರ್ಚನ್ನು ಸದಸ್ಯರಲ್ಲದ ಶಿಕ್ಷಕರಿಂದಲೂ ಪಡೆಯಬಹುದು. ಚುನಾವಣೆ, ರಾಜಕೀಯ ಪ್ರಚಾರಗಳ ಖರ್ಚನ್ನು ಪಡೆಯಕೂಡದು. ಒಪ್ಪದ ಅಭಿಪ್ರಾಯದ ಪ್ರಚಾರಕ್ಕೆ ಮನುಷ್ಯನಿಂದ ಹಣ ಕೀಳುವುದು ಪಾಪವೆಂದು ಎರಡು ಶತಮಾನದ ಹಿಂದೆ ಜೆಫರ್ಸನ್ ಹೇಳಿದ್ದರು. ಅವರು ಹೇಳಿದ್ದು ಚರ್ಚಿನ ಕಂದಾಯದ ಬಗ್ಗೆ. ಆ ಮಾತೇ ಈಗ ಸಂಘದ ಚಂದಾಕ್ಕೂ ಅಳತೆಗೋಲಾಯಿತು.

ಗೆರೆ ಎಳೆಯುವುದು ಸುಲಭ, ಗೆರೆಯ ಮೇಲೆ ಲೆಕ್ಕ ಬರೆಯುವುದು ಕಷ್ಟ. 1986ರಲ್ಲಿ ಸಂಘಗಳು ಹೊರಗಿನವರಿಗೆ ಲೆಕ್ಕದ ವಿವರ ಕೊಡಬೇಕು, ತಕರಾರನ್ನು ತಟಸ್ಥನೊಬ್ಬ ವಿಚಾರಿಸಬೇಕು ಎಂದಾಯಿತು. 1991ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ನ್ಯಾಯಾಧೀಶರು ಅಧ್ಯಾಪಕರ ಸಂಘವೊಂದರ ಖರ್ಚಿನ ಪುಸ್ತಕವನ್ನೇ ಮುಂದಿಟ್ಟುಕೊಂಡು ಬಾಬು ಬಾಬಾಗಿ ಪರಿಶೀಲಿಸಿದರು. ಸಮ್ಮೇಳನಕ್ಕೆ ಪ್ರತಿನಿಧಿಗಳನ್ನು ಕಳುಹಿಸಿದ ವೆಚ್ಚ ಸಲ್ಲುತ್ತದೆ. ಸಂಘದ ಪತ್ರಿಕೆಯಲ್ಲಿ ವೃತ್ತಿಯ ಸುದ್ದಿಗೆ, ಉದ್ಯೋಗಾವಕಾಶದ ಸುದ್ದಿಗೆ ತಗಲಿದ ವೆಚ್ಚ ಸಲ್ಲುತ್ತದೆ. ಆದರೆ ಜನರಲ್ಲಿ ಅಧ್ಯಾಪಕ ವೃತ್ತಿಯ ಗೌರವ ಹೆಚ್ಚಿಸಲು ಮಾಡಿದ ಪ್ರಚಾರದ ವೆಚ್ಚ ಸಲ್ಲದು! ಪತ್ರಿಕೆಯೊಂದರ ಯಾವ ಅಂಕಣ ಯಾರ ಕಾಸಿನಲ್ಲಿ ಅಚ್ಚಾಗಬೇಕೆಂದು ದೇಶದ ಅತ್ಯುಚ್ಚ ನ್ಯಾಯಪೀಠ ತೀರ್ಮಾನಿಸಬೇಕಾದ ಸ್ಥಿತಿ ಬಂದಿತೆಂದರೆ, ಗೆರೆ ಎಳೆದವರ ಬಗ್ಗೆ ಮರುಕ ಹುಟ್ಟುತ್ತದೆ.

ಜೇನಸರ ವಕೀಲರು ಹಿಡಿದದ್ದು ಈ ದುರ್ಬಲ ಜಾಗವನ್ನೇ. ಸರ್ಕಾರಿ ನೌಕರರ ವಿಷಯದಲ್ಲಿ ಕೆರೆ ಬೇರೆ, ತೇರು ಬೇರೆ ಎಂಬ ಭೇದವೇ ಸುಳ್ಳು ಎಂದು ಅವರು ವಾದಿಸಿದರು. ಖಾಸಗಿ ಕಾರ್ಖಾನೆಯಲ್ಲಿ ಸಂಬಳ ಏರಿಸಿರೆಂದರೆ ಅದು ವ್ಯವಹಾರ. ಸರ್ಕಾರದೊಡನೆ ಅದೇ ಮಾತಾಡಿದರೆ ಅದು ತೆರಿಗೆ, ಸಾಲ, ಪಿಂಚಣಿ, ಶಾಲೆಗಳ ಕುರಿತ ರಾಜಕೀಯ. ಹೀಗಿರುವಲ್ಲಿ ಸಂಘದ ಮಾತುಕತೆಗೆ ಹಣ ತೆರುವಂತೆ ಮಾಡುವುದೂ ಒಪ್ಪದ ಅಭಿಪ್ರಾಯಕ್ಕೆ ಹಣ ಕೀಳುವುದೇ. ಈ ವಾದದಲ್ಲಿ ಬಲವಿದೆಯೆಂಬುದನ್ನು ಸಂಘಗಳ ಪಕ್ಷಪಾತಿಗಳೂ ಒಪ್ಪಬೇಕು. ಇಂಥದೇ ಇನ್ನೊಂದು ಮೊಕದ್ದಮೆ 2016ರಲ್ಲಿ ತೀರ್ಪಿಗೆ ಬರುವ ಹೊತ್ತಿಗೆ ನ್ಯಾಯಾಧೀಶ ಸ್ಕೇಲಿಯಾ ತೀರಿಕೊಂಡು, ಮತಗಳು ನಾಲ್ಕಕ್ಕೆ ನಾಲ್ಕಾಗಿ ಏನೂ ನಿರ್ಧಾರವಾಗಿರಲಿಲ್ಲ. ಜೇನಸರ ಮೊಕದ್ದಮೆಯಲ್ಲಿ ಸಂಘದ ಕಡೆಯವರು, ಈ ಶುಲ್ಕ ಕೆಲಸದ ಸ್ಥಳದ ಶಾಂತಿಗೆ ಕೊಡುವ ಬೆಲೆ, ತೆಗೆದುಹಾಕಿದರೆ ಅಶಾಂತಿಯಾದೀತೆಂದು ವಾದಿಸಿದರು. ವಾದ ನಡೆದದ್ದು 2018ರ ಫೆಬ್ರವರಿ 26ರಂದು. ಆ ದಿನ ಪಶ್ಚಿಮ ವರ್ಜೀನಿಯದಲ್ಲಿ, ಅಂಥ ಶುಲ್ಕವಾಗಲಿ ಸಾಮೂಹಿಕ ಒಪ್ಪಂದದ ಹಕ್ಕಾಗಲಿ ಇಲ್ಲದ ರಾಜ್ಯದಲ್ಲಿ, 55 ಜಿಲ್ಲೆಗಳ ಶಿಕ್ಷಕರೂ ಶಾಲೆ ಬಿಟ್ಟು ಬೀದಿಯಲ್ಲಿದ್ದರು.

ಜೂನ್ 27ರಂದು ತೀರ್ಪು ಹೊರಬಿತ್ತು: ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಅಲಿಟೊ ಬರೆದ ಬಹುಮತದ ತೀರ್ಪು 1977ರ ತೀರ್ಪನ್ನು ತಳ್ಳಿಹಾಕಿತು. ಸರ್ಕಾರಿ ನೌಕರ ತಾನಾಗಿ ಒಪ್ಪಿ ಹೇಳದ ಹೊರತು ಅವನ ಸಂಬಳದಿಂದ ಒಂದು ಸೆಂಟನ್ನೂ ಸಂಘಕ್ಕೆ ಕೊಡುವಂತಿಲ್ಲ. ಕೇಗನ್ ಬರೆದ ಭಿನ್ನಮತ ತೀಕ್ಷ್ಣವಾಗಿತ್ತು: ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ನಲವತ್ತು ವರ್ಷದಿಂದ ನಂಬಿ ಕಟ್ಟಿಕೊಂಡ ವ್ಯವಸ್ಥೆಯನ್ನು ಬುಡಮೇಲು ಮಾಡಲು ವಾಕ್‌ಸ್ವಾತಂತ್ರ್ಯವನ್ನೇ ಆಯುಧವಾಗಿ ಬಳಸಿದ್ದೀರಿ ಎಂಬುದು ಅವರ ಆಕ್ಷೇಪದ ಸಾರ.

ನನಗೆ ತೋರುವ ದೊಡ್ಡ ಕೊರತೆ ಬೇರೆ. ಬಹುಮತದ ಸಂಘವೇ ಎಲ್ಲರ ಪ್ರತಿನಿಧಿಯೆಂಬ ನಿಯಮವನ್ನು ತೀರ್ಪು ಮುಟ್ಟಲಿಲ್ಲ. ಸ್ಟೀಲನ ಮೊಕದ್ದಮೆಯಿಂದ ಬಂದ ಹೊಣೆಯೂ ಹಾಗೆಯೇ ಉಳಿಯಿತು. ಜೇನಸರಂಥವರಿಗಾಗಿ ಸಂಘ ಮಾತನಾಡಲೇಬೇಕು, ಅವರು ಕೊಡಲೇಬೇಕಾಗಿಲ್ಲ. ಅಹವಾಲು ಹೊತ್ತು ಬಂದ ಹೊರಗಿನವನಿಂದ ಆ ಕೆಲಸದ ಮಟ್ಟಿಗೆ ಶುಲ್ಕ ಪಡೆಯಬಹುದೆಂಬ ಸೂಚನೆ ತೀರ್ಪಿನಲ್ಲಿದೆ, ನಿಜ. ಆದರೆ ಸಂಬಳದ ಏರಿಕೆ ಅಹವಾಲಿನಂತೆ ಒಬ್ಬೊಬ್ಬನಿಗೆ ಅಳೆದು ಕೊಡುವ ವಸ್ತುವಲ್ಲ. ತೂಬಿನ ನೀರು ಅದು. ಸದಸ್ಯರನ್ನು ಮಾತ್ರ ಪ್ರತಿನಿಧಿಸುವ ಸ್ವಾತಂತ್ರ್ಯವನ್ನಾದರೂ ಸಂಘಕ್ಕೆ ಕೊಡಬಹುದಾಗಿತ್ತು. ಆಗ ಮಾಲಿಕ ಹೊರಗಿನವನಿಗೆ ಹೆಚ್ಚು ಕೊಟ್ಟು ಸಂಘ ಒಡೆಯುತ್ತಾನೆ, ಇಲ್ಲವೆ ಸ್ಟೀಲನಂಥವನು ಮತ್ತೆ ಅನಾಥನಾಗುತ್ತಾನೆ. ಯಾವ ಹಾದಿಯಲ್ಲೂ ಮುಳ್ಳಿದೆ. ಅವುಗಳಲ್ಲಿ ರ‍್ಯಾಂಡ್ ತೋರಿದ ಹಾದಿಯ ಮುಳ್ಳುಗಳೇ ಕಡಿಮೆಯೆಂದು ನನ್ನ ಭಾವನೆ. ಇನ್ನೊಂದು ಮಾತನ್ನೂ ಮರೆಯಬಾರದು. ಅಮೆರಿಕದ ದುಡಿಯುವವರಲ್ಲಿ 1950ರ ದಶಕದಲ್ಲಿ ಮೂವರಲ್ಲೊಬ್ಬ ಸಂಘದಲ್ಲಿದ್ದ. 2024ರ ಎಣಿಕೆಯಲ್ಲಿ ನೂರಕ್ಕೆ 9.9. ಖಾಸಗಿ ಉದ್ಯಮದಲ್ಲಿ ನೂರಕ್ಕೆ ಆರೂ ಇಲ್ಲ. ಸರ್ಕಾರಿ ನೌಕರರಲ್ಲಿ ಮಾತ್ರ ಮೂವರಲ್ಲೊಬ್ಬನಿಗೆ ಸಮೀಪ. ಜೇನಸ್ ತೀರ್ಪು ಬಿದ್ದದ್ದು ಈ ಕೊನೆಯ ಕೋಟೆಯ ಮೇಲೆ.

ನಮ್ಮ ದೇಶದ ಕಥೆ ಇದಕ್ಕಿಂತ ಬೇರೆಯಾದರೂ ಎಳೆ ಒಂದೇ. ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳಲ್ಲಿ 1918ರಲ್ಲಿ ಬಿ. ಪಿ. ವಾಡಿಯಾ ಅವರು ಕಟ್ಟಿದ ಸಂಘದ ಮೇಲೆ ಬಿನ್ನಿ ಕಂಪನಿ ದಾವೆ ಹೂಡಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಬೆಂಗಳೂರಿಗರಿಗೆ ಬಿನ್ನಿಯ ಹೆಸರು ಹೊಸದಲ್ಲ. ಈ ಘಟನೆಯಿಂದ ಎಚ್ಚೆತ್ತ ಎನ್. ಎಂ. ಜೋಶಿಯವರು ಶಾಸನಸಭೆಯಲ್ಲಿ ಹಿಡಿದ ಪಟ್ಟಿನ ಫಲವಾಗಿ 1926ರ ಕಾರ್ಮಿಕ ಸಂಘಗಳ ಕಾಯಿದೆ ಬಂತು. ಅದರ 16ನೆಯ ಪ್ರಕರಣದಲ್ಲಿ, ರಾಜಕೀಯಕ್ಕೆ ಬೇರೆ ನಿಧಿಯಿರಬೇಕು, ಅದಕ್ಕೆ ಕೊಡೆಂದು ಯಾರನ್ನೂ ಬಲವಂತ ಮಾಡಬಾರದು, ಕೊಡದವನಿಗೆ ಸಂಘದೊಳಗೆ ಯಾವ ಅನನುಕೂಲವೂ ಆಗಬಾರದು ಎಂದಿತ್ತು. ಲಂಡನ್ನಿನ ಪೋರ್ಟರು ಆಸ್ಬರ್ನ್ ಎಬ್ಬಿಸಿದ ಜಗಳದ ಫಲ ನಮ್ಮ ಗಿರಣಿ ಕೂಲಿಕಾರನಿಗೂ ಹೀಗೆ ತಲಪಿತು.

ಬಲವಂತದ ಸದಸ್ಯತ್ವ ನಮ್ಮಲ್ಲಿ ಕಾಯಿದೆಯಾಗಿ ಬೆಳೆಯಲಿಲ್ಲ. ಏಳು ಮಂದಿ ಸೇರಿದರೆ ಸಂಘ ನೋಂದಣಿಯಾಗುತ್ತಿದ್ದ ದೇಶದಲ್ಲಿ, ಒಂದೊಂದು ಕಾರ್ಖಾನೆಗೆ ಐದಾರು ಬಾವುಟಗಳಿರುವಾಗ, ಯಾವ ಸಂಘ ಸೇರೆಂದು ಬಲವಂತ ಮಾಡುವುದು? ಗಜೇಂದ್ರಗಡ್ಕರ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಕಾರ್ಮಿಕ ಆಯೋಗ 1969ರಲ್ಲಿ, ಕ್ಲೋಸ್ಡ್ ಷಾಪ್ ಇಲ್ಲಿ ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲವೆಂದು ವರದಿ ಮಾಡಿತು. ಸಂಘ ಸ್ವಾತಂತ್ರ್ಯದಲ್ಲಿ ಯಾರೊಡನೆ ಕೂಡುತ್ತೇವೆಂಬ ಆಯ್ಕೆಯೂ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ಸಾರಿದ ಮೊಕದ್ದಮೆ ಸಾಹಿತ್ಯಾಸಕ್ತರಿಗೆ ಸ್ವಾರಸ್ಯವೆನಿಸಬಹುದು. ಅದು ಕಾರ್ಮಿಕ ಸಂಘದ್ದಲ್ಲ, ಅಲಹಾಬಾದಿನ ಹಿಂದಿ ಸಾಹಿತ್ಯ ಸಮ್ಮೇಳನದ್ದು. ಸಂಸತ್ತು 1962ರಲ್ಲಿ ಕಾಯಿದೆ ಮಾಡಿ ಆ ಸಂಸ್ಥೆಯೊಳಕ್ಕೆ ಹೊರಗಿನ ಸದಸ್ಯರನ್ನು ತುಂಬಲು ದಾರಿ ಮಾಡಿತ್ತು. ಮೂಲ ಸದಸ್ಯರ ಒಪ್ಪಿಗೆಯಿಲ್ಲದೆ ಹಾಗೆ ಮಾಡುವಂತಿಲ್ಲವೆಂದು ಕಾಯಿದೆಯನ್ನೇ ನ್ಯಾಯಾಲಯ ರದ್ದುಪಡಿಸಿತು.

ಹಣದ ಪ್ರಶ್ನೆ ಮಾತ್ರ ನಮ್ಮಲ್ಲೂ ಒಮ್ಮೆ ತಲೆಯೆತ್ತಿತು. ರವೀಂದ್ರ ವರ್ಮಾ ಅವರ ಅಧ್ಯಕ್ಷತೆಯ ಎರಡನೆಯ ರಾಷ್ಟ್ರೀಯ ಕಾರ್ಮಿಕ ಆಯೋಗ 2002ರ ವರದಿಯಲ್ಲಿ ಒಂದು ಸಲಹೆ ಮಾಡಿತು. ಯಾವ ಸಂಘಕ್ಕೂ ಸೇರದ ಕೆಲಸಗಾರನೂ, ಮಾತುಕತೆ ನಡೆಸುವ ಸಂಘದ ಚಂದಾದಷ್ಟು ಹಣವನ್ನು ಕೊಡಲಿ. ಆದರೆ ಆ ಹಣ ಸಂಘಕ್ಕೆ ಹೋಗುವುದು ಬೇಡ, ಕಾಯಿದೆಯಿಂದ ಏರ್ಪಟ್ಟ ಕ್ಷೇಮನಿಧಿಗೆ ಹೋಗಲಿ. ಚಂದಾ ಉಳಿಸುವ ಆಸೆಯಿಂದ ಹೊರಗುಳಿಯುವವನಿಗೆ ಲಾಭವಿಲ್ಲ. ತತ್ತ್ವಕ್ಕಾಗಿ ಹೊರಗುಳಿಯುವವನ ಕಾಸು ಅವನೊಪ್ಪದ ತೇರಿಗೆ ಸಲ್ಲುವುದಿಲ್ಲ. ವಿಂಡ್ಸರಿನ ಪಂಚಾಯಿತಿಗೂ ಹೊಳೆಯದ ಉಪಾಯ ಅದು. 1926ರ ಕಾಯಿದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆ, ನೂರಕ್ಕೆ 51ರ ಬೆಂಬಲವುಳ್ಳ ಸಂಘವೇ ಮಾತುಕತೆಯ ಏಕೈಕ ಸಂಘವೆಂದು ಹೇಳಿತು. ಅದಿಲ್ಲದಿದ್ದಲ್ಲಿ ನೂರಕ್ಕೆ 20ರ ಬೆಂಬಲವುಳ್ಳ ಸಂಘಗಳ ಮಂಡಲಿಗೆ ಎಡೆಮಾಡಿತು. ವರ್ಮಾ ಆಯೋಗದ ಸಲಹೆ ಅದರೊಳಕ್ಕೆ ಬರಲಿಲ್ಲ. ಚಂದಾ ಮುರಿಯಬೇಕಾದರೆ ಕೆಲಸಗಾರನ ಒಪ್ಪಿಗೆಯ ಕಾಗದ ಬೇಕೆಂಬ ಹಳೆಯ ರೂಢಿಯೇ ಮುಂದುವರಿಯಿತು.